ಮಲೆನಾಡಿನ ಮಳೆಮಾಪನ: ಹೊಸ ಯಂತ್ರ, ಹಳೆಯ ಲೆಕ್ಕ



ಮಲೆನಾಡಿಗೆ ಮಳೆಯ ಲೆಕ್ಕ ಹೊಸತಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಇಂಚು-ಸೆಂಟುಗಳಲ್ಲಿ ಮಳೆಯನ್ನು ಬರೆದಿಡುವ ರೂಢಿಯಿದೆ. 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯ ಕ್ರಮದಂತೆ ವೀಕ್ಷಕರು ಬೆಳಿಗ್ಗೆ 8.30ಕ್ಕೆ ಮಾಪಕದ ನೀರನ್ನಳೆದು ಹಿಂದಿನ 24 ಗಂಟೆಗಳ ಮಳೆಯನ್ನು ನಮೂದಿಸುತ್ತಾರೆ.

ಆದರೆ 200 ಮಿಲಿಮೀಟರ್ ಮಳೆ ದಿನವಿಡೀ ಸುರಿಯಿತೋ, ನಡುರಾತ್ರಿಯ ಮೂರೇ ಗಂಟೆಗಳಲ್ಲಿ ಸುರಿಯಿತೋ ಎಂಬುದನ್ನು ಮುಂಜಾನೆಯ ಆ ಒಂದು ಅಂಕಿ ತಿಳಿಸದು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದುದನ್ನು ಕಂಡ ಕೊಡಗಿಗೆ ಈ ವ್ಯತ್ಯಾಸದ ಬೆಲೆಯನ್ನು ವಿವರಿಸಬೇಕಿಲ್ಲ. ದೂರದ ಮಾಪಕವೂ ಸಾಲದು. ಮಡಿಕೇರಿಯಿಂದ ಸುಮಾರು 30 ಕಿಲೋಮೀಟರ್ ಪೂರ್ವದ ಕುಶಾಲನಗರದಲ್ಲಿ ಸುರಿಯುವ ವಾರ್ಷಿಕ ಮಳೆ ಮಡಿಕೇರಿಯ ಅರ್ಧಕ್ಕಿಂತಲೂ ಕಡಿಮೆ.

1988ರಲ್ಲಿ ಬರ ಉಸ್ತುವಾರಿಗೆಂದು ಆರಂಭವಾಗಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿದ ಸಂಸ್ಥೆಯು ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಾಪಕಗಳನ್ನು ನೆಡಿಸಿದುದು ಇದೇ ಕಾರಣದಿಂದ. 15 ನಿಮಿಷಕ್ಕೊಮ್ಮೆ ಅಂಕಿ ಕಳುಹಿಸುವಂತೆ ಅವನ್ನು ರೂಪಿಸಲಾಯಿತು. ಇದು ಸ್ವಾಗತಾರ್ಹವೇ.

ಆದರೂ ಯಂತ್ರದ ಒಳಗನ್ನು ತಿಳಿಯಬೇಕು. ಇಂಥ ಮಾಪಕಗಳಲ್ಲಿ ಸಾಮಾನ್ಯವಾಗಿ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಮಗುಚುತ್ತದೆ, ಮಗುಚಿದ ಎಣಿಕೆಯೇ ಮಳೆಯ ಲೆಕ್ಕ. ಜಡಿಮಳೆಯಲ್ಲಿ ಬಟ್ಟಲು ಮಗುಚುವ ಕ್ಷಣದ ನೀರು ಎಣಿಕೆಗೆ ತಪ್ಪುತ್ತದೆ. ತಿದ್ದುಪಡಿ ಮಾಡದಿದ್ದರೆ ಎಲ್ಲಿ ಮಳೆ ಬಿರುಸೋ ಅಲ್ಲಿಯೇ ಯಂತ್ರ ಕಡಿಮೆ ತೋರಿಸುತ್ತದೆ. ತರಗೆಲೆ, ಪಾಚಿ, ಜೇಡರಬಲೆ ಆಲಿಕೆಯನ್ನು ಮುಚ್ಚಿದರಂತೂ ಸುರಿವ ಮಳೆಯಲ್ಲೂ ಸೊನ್ನೆ! ಆಷಾಢದ ಮೋಡದಲ್ಲಿ ಸೌರಫಲಕಕ್ಕೆ ಬಿಸಿಲಿಲ್ಲ, ಕಣಿವೆಯಲ್ಲಿ ಮೊಬೈಲ್ ಸಂಕೇತವಿಲ್ಲ.

ಹವಾಮಾನಾಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸಿನ ಪರಿಹಾರವು ಮಾಪಕದ ಅಂಕಿಯನ್ನೇ ಅವಲಂಬಿಸಿರುವುದರಿಂದ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಕೊಳೆರೋಗದಿಂದ ಅಡಿಕೆ ಉದುರಿದ ತೋಟದ ಪಕ್ಕದ ಯಂತ್ರವು ಮಳೆ ಕಡಿಮೆಯೆಂದರೆ ರೈತನ ಮಾತಿಗೆ ಸಾಕ್ಷಿಯೆಲ್ಲಿ?

ಆದುದರಿಂದ ಯಂತ್ರ ಬಂದಿತೆಂದು ಕೈಮಾಪಕವನ್ನು ಕೀಳಬಾರದು. ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಎರಡು, ಅವು ಅಕ್ಕಪಕ್ಕದಲ್ಲಿ ನಡೆಯಬೇಕು. ಇಲ್ಲವಾದರೆ ಮಾಪಕ ಬದಲಾದುದನ್ನೇ ಹವಾಮಾನ ಬದಲಾಯಿತೆಂದು ಮುಂದಿನವರು ಓದಿಯಾರು. ತೋಟದ ಹಳೆಯ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ, ಮಾಪಕವಿದ್ದ ಸ್ಥಳದ ವಿವರದೊಂದಿಗೆ ವಿದ್ಯಾರ್ಥಿಗಳು ನಕಲು ಮಾಡಿಡಬಹುದು.

ಮಾಪಕವನ್ನು ಕೊನೆಯದಾಗಿ ಪರೀಕ್ಷಿಸಿದ ದಿನಾಂಕವನ್ನು ಗ್ರಾಮಸಭೆ ಕೇಳಲಿ. ಪರೀಕ್ಷೆ ಕಠಿಣವಲ್ಲ: ಮಾಪಕದ ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್ ಇದ್ದರೆ, ನಿಧಾನವಾಗಿ ಸುರಿದ 1 ಲೀಟರ್ ನೀರು 50 ಮಿಲಿಮೀಟರ್ ಮಳೆಯೆಂದು ದಾಖಲಾಗಬೇಕು. ಇದನ್ನು ನಿರ್ವಹಣೆಯ ಸಿಬ್ಬಂದಿಯೇ ಊರವರೆದುರು ಮಾಡಲಿ. ಉಳಿದವರು ನೀರು ಸುರಿದರೆ ಬಾರದ ಮಳೆ ದಾಖಲೆಗೆ ಸೇರೀತು.