ಮ್ಯಾಕ್‌ಡೊವೆಲ್ ಕೌಂಟಿ: ಬೆಟ್ಟ ಉಳಿಯಿತು, ಜನ ಹೋದರು

(ಉಪನ್ಯಾಸದ ಲಿಖಿತ ರೂಪ)



ನೆಲ ಫಲವತ್ತಾಗಿದ್ದರೆ ಜನ ನೆಲೆಸುತ್ತಾರೆ, ಬರಡಾದರೆ ಚದುರುತ್ತಾರೆ ಎಂಬುದು ಭೂಗೋಳದ ಮೊದಲ ಪಾಠಗಳಲ್ಲೊಂದು. ಈ ಪಾಠ ಎಲ್ಲ ಊರುಗಳಿಗೂ ಒಪ್ಪುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ವರ್ಜೀನಿಯಾ ರಾಜ್ಯದಲ್ಲಿ ಮ್ಯಾಕ್‌ಡೊವೆಲ್ ಎಂಬ ಕೌಂಟಿಯಿದೆ. ಕೌಂಟಿಯೆಂದರೆ ರಾಜ್ಯದ ಒಳಗಿನ ಆಡಳಿತ ವಿಭಾಗ. ಇದರ ವಿಸ್ತೀರ್ಣ ಸುಮಾರು 1,385 ಚದರ ಕಿಲೋಮೀಟರ್, ಎಂದರೆ ಒಂದು ದೊಡ್ಡ ತಾಲ್ಲೂಕಿನಷ್ಟು. 1950ರ ಜನಗಣತಿಯಲ್ಲಿ ಇಲ್ಲಿ 98,887 ಜನರಿದ್ದರು. 2020ರ ಗಣತಿಯಲ್ಲಿ ಉಳಿದವರು 19,111. ಎಪ್ಪತ್ತು ವರ್ಷಗಳಲ್ಲಿ ಐವರು ಇದ್ದಲ್ಲಿ ಒಬ್ಬರು ಉಳಿದರು. ಈ ಅವಧಿಯಲ್ಲಿ ಅಲ್ಲಿ ಯುದ್ಧ ನಡೆಯಲಿಲ್ಲ, ಕ್ಷಾಮ ಬೀಳಲಿಲ್ಲ, ಅಣೆಕಟ್ಟಿನ ಹಿನ್ನೀರು ಊರುಗಳನ್ನು ನುಂಗಲಿಲ್ಲ. ಹಾಗಿದ್ದೂ ಜನ ಏಕೆ ಹೋದರು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಉಪನ್ಯಾಸದ ಉದ್ದೇಶ.

ನೆಲ ಮತ್ತು ನೀರು

ಮ್ಯಾಕ್‌ಡೊವೆಲ್ ಪಶ್ಚಿಮ ವರ್ಜೀನಿಯಾದ ದಕ್ಷಿಣ ತುದಿಯ ಕೌಂಟಿ. ಇದು ಅಪಲಾಚಿಯನ್ ಪರ್ವತ ಪ್ರದೇಶಕ್ಕೆ ಸೇರಿದೆ. ಹಿಂದೊಮ್ಮೆ ಎತ್ತರದ ಪ್ರಸ್ಥಭೂಮಿಯಾಗಿದ್ದ ನೆಲವನ್ನು ತೊರೆಗಳು ಲಕ್ಷಾಂತರ ವರ್ಷ ಕೊರೆದು ಕಡಿದಾದ ಬೆಟ್ಟ, ಇಕ್ಕಟ್ಟಾದ ಕಣಿವೆಗಳನ್ನು ನಿರ್ಮಿಸಿವೆ. ಸಮತಟ್ಟಾದ ಜಾಗವೆಂದರೆ ಹೊಳೆಯಂಚಿನ ಕಿರಿದಾದ ಪಟ್ಟಿ ಮಾತ್ರ. ಟಗ್ ಫೋರ್ಕ್ ನದಿ ಈ ಕೌಂಟಿಯಲ್ಲೇ ಹುಟ್ಟುತ್ತದೆ. ಎಲ್ಕ್‌ಹಾರ್ನ್ ಮತ್ತು ಡ್ರೈ ಫೋರ್ಕ್ ತೊರೆಗಳು ಅದನ್ನು ಸೇರುತ್ತವೆ. ಆ ನೀರು ಬಿಗ್ ಸ್ಯಾಂಡಿ, ಒಹಾಯೊ ನದಿಗಳ ಮೂಲಕ ಮಿಸಿಸಿಪ್ಪಿಯನ್ನು ಕೂಡುತ್ತದೆ. ವರ್ಷಕ್ಕೆ ಸಾವಿರ ಮಿಲಿಮೀಟರಿಗಿಂತ ತುಸು ಹೆಚ್ಚು ಮಳೆ ಮತ್ತು ಹಿಮ ಬೀಳುತ್ತದೆ. ಓಕ್, ಮೇಪಲ್, ಹಿಕರಿ ಮುಂತಾದ ಎಲೆ ಉದುರುವ ಮರಗಳ ಕಾಡು ಬೆಟ್ಟಗಳನ್ನು ಹೊದ್ದಿದೆ.

ಈ ನೆಲ ಮೊದಲಿಗೆ ಷಾನಿ, ಚೆರೊಕಿ ಮೊದಲಾದ ಮೂಲನಿವಾಸಿಗಳ ಬೇಟೆಯ ಪ್ರದೇಶವಾಗಿತ್ತು. ಅನಂತರ ಬಂದ ಬಿಳಿಯ ರೈತರು ಕಣಿವೆಯ ಪಟ್ಟಿಗಳಲ್ಲಿ ಮುಸುಕಿನ ಜೋಳ ಬೆಳೆದರು, ಹಂದಿಗಳನ್ನು ಕಾಡಿಗೆ ಬಿಟ್ಟು ಸಾಕಿದರು. ಅವರ ಜೀವನಕ್ಕೆ ಅಮೆರಿಕದ ಚೆಸ್ಟ್‌ನಟ್ ಮರ ದೊಡ್ಡ ಆಸರೆಯಾಗಿತ್ತು. ಅದರ ಕಾಯಿ ಜನರಿಗೂ ಹಂದಿಗಳಿಗೂ ಆಹಾರ. ಅದರ ಮರ ಮನೆಗೂ ಬೇಲಿಗೂ ಒದಗುತ್ತಿತ್ತು. ಏಷ್ಯಾದಿಂದ ಬಂದ ಶಿಲೀಂಧ್ರ ರೋಗವೊಂದು 1904ರಲ್ಲಿ ನ್ಯೂಯಾರ್ಕಿನಲ್ಲಿ ಪತ್ತೆಯಾಯಿತು. ಕೆಲವೇ ದಶಕಗಳಲ್ಲಿ ಅದು ಇಡೀ ಅಪಲಾಚಿಯನ್ ಸಾಲಿಗೆ ಹಬ್ಬಿ ನೂರಾರು ಕೋಟಿ ಮರಗಳನ್ನು ಕೊಂದಿತು. ಬೆಟ್ಟದ ಬೇಸಾಯದ ಒಂದು ಕಾಲು ಹೀಗೆ ಮುರಿಯಿತು. ಅಷ್ಟರಲ್ಲಿ ಜನರ ಬದುಕು ಆ ಕಾಲನ್ನು ಬಿಟ್ಟು ಬೇರೊಂದರ ಮೇಲೆ ನಿಂತಾಗಿತ್ತು.

ರೈಲು ಬಂದದ್ದು

ಕೌಂಟಿ ರಚನೆಯಾದದ್ದು 1858ರಲ್ಲಿ. ಆಗ ಅದು ವರ್ಜೀನಿಯಾದ ಭಾಗ; 1863ರಲ್ಲಿ ಪಶ್ಚಿಮ ವರ್ಜೀನಿಯಾ ಪ್ರತ್ಯೇಕ ರಾಜ್ಯವಾದಾಗ ಇದೂ ಅದರೊಡನೆ ಹೋಯಿತು. 1880ರ ಗಣತಿಯಂತೆ ಇಲ್ಲಿದ್ದವರು ಕೇವಲ 3,074 ಜನ. ಬೆಟ್ಟದ ಒಡಲಲ್ಲಿದ್ದ ಪೊಕಹಾಂಟಸ್ ಎಂಬ ಕಲ್ಲಿದ್ದಲ ಪದರಗಳ ಬೆಲೆ ಅವರಿಗಿಂತ ಮೊದಲು ಹೊರಗಿನವರಿಗೆ ತಿಳಿಯಿತು. ಗಂಧಕ ಕಡಿಮೆಯಿದ್ದು ಕೋಕ್ ತಯಾರಿಕೆಗೆ ಹೇಳಿಮಾಡಿಸಿದಂತಿದ್ದ ಆ ಕಲ್ಲಿದ್ದಲು ಉಕ್ಕಿನ ಕುಲುಮೆಗಳಿಗೆ ಬೇಕಾಗಿತ್ತು. ಭೂಮಾಪಕರು ಬಂದರು, ಭೂ ಕಂಪನಿಗಳು ಬಂದವು, ಅಗ್ಗದ ಬೆಲೆಗೆ ನೆಲವೂ ನೆಲದಡಿಯ ಹಕ್ಕುಗಳೂ ಕೈಬದಲಾದವು. ಅವರಲ್ಲೊಬ್ಬ ಭೂಮಾಪಕನಾದ ಐಸಾಯ ವೆಲ್ಚ್ ಎಂಬವನ ಹೆಸರೇ ಇಂದಿನ ಕೌಂಟಿ ಕೇಂದ್ರ ವೆಲ್ಚ್ ಪಟ್ಟಣಕ್ಕೆ ಉಳಿದಿದೆ. ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲುಮಾರ್ಗ 1880ರ ದಶಕದಲ್ಲಿ ಬೆಟ್ಟವನ್ನು ಕೊರೆದು ಒಳಬಂದು, 1892ರಲ್ಲಿ ಒಹಾಯೊ ನದಿಯನ್ನು ಮುಟ್ಟಿತು.

ಆಮೇಲಿನ ಕಥೆಯನ್ನು ಜನಗಣತಿಯೇ ಹೇಳುತ್ತದೆ. 1890ರಲ್ಲಿ 7,300, 1900ರಲ್ಲಿ 18,747, 1910ರಲ್ಲಿ 47,856, 1930ರಲ್ಲಿ 90,479. ದಕ್ಷಿಣದ ರಾಜ್ಯಗಳಿಂದ ಕರಿಯರು, ಇಟಲಿ, ಹಂಗೆರಿ, ಪೋಲೆಂಡುಗಳಿಂದ ವಲಸಿಗರು, ಸುತ್ತಲ ಬೆಟ್ಟಗಳ ರೈತರು ಗಣಿಗಿಳಿದರು. 1920ರ ವೇಳೆಗೆ ಜನರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಕರಿಯರಾಗಿದ್ದರು. ದಕ್ಷಿಣದಲ್ಲಿ ಅವರಿಗೆ ನಿರಾಕರಿಸಲಾಗಿದ್ದ ಮತದ ಹಕ್ಕು ಇಲ್ಲಿ ಇತ್ತು. 1928ರಲ್ಲಿ ಮಿನ್ನಿ ಬಕಿಂಗ್‌ಹ್ಯಾಮ್ ಹಾರ್ಪರ್ ಎಂಬ ಮಹಿಳೆ ಈ ಕೌಂಟಿಯಿಂದ ರಾಜ್ಯದ ಶಾಸನಸಭೆಗೆ ನಾಮಕರಣಗೊಂಡರು. ಅಮೆರಿಕದ ಶಾಸನಸಭೆಯೊಂದರಲ್ಲಿ ಕುಳಿತ ಮೊದಲ ಕರಿಯ ಮಹಿಳೆ ಅವರು. ಅದೇ ವರ್ಷ ಕಿಂಬಲ್ ಎಂಬ ಊರಿನಲ್ಲಿ ಮೊದಲ ಮಹಾಯುದ್ಧದ ಕರಿಯ ಯೋಧರಿಗಾಗಿ ಸ್ಮಾರಕ ಭವನ ಕಟ್ಟಲಾಯಿತು.

ಕಂಪನಿಯ ಮನೆ, ಕಂಪನಿಯ ಅಂಗಡಿ

ಊರುಗಳನ್ನು ಕಟ್ಟಿದ್ದು ಕಂಪನಿಗಳು. ಮನೆ ಕಂಪನಿಯದು, ನೀರಿನ ಕೊಳವೆ ಕಂಪನಿಯದು, ವೈದ್ಯರನ್ನು ನೇಮಿಸಿದ್ದೂ ಕಂಪನಿಯೇ. ಅನೇಕ ಕಡೆ ಕೂಲಿಯ ಒಂದು ಭಾಗ ಕಂಪನಿ ಅಂಗಡಿಯಲ್ಲಿ ಮಾತ್ರ ನಡೆಯುವ ಬಿಲ್ಲೆಗಳ ರೂಪದಲ್ಲಿ ಸಿಗುತ್ತಿತ್ತು. ಉಕ್ಕು ಕಂಪನಿಯಾದ ಯು.ಎಸ್. ಸ್ಟೀಲ್ 1902ರಿಂದ ಇಲ್ಲಿ ಗ್ಯಾರಿ ಎಂಬ ಪಟ್ಟಣವನ್ನೇ ಬೆಳೆಸಿತು. ದುಡಿಮೆ ಅಪಾಯದ್ದಾಗಿತ್ತು. 1940ರ ಜನವರಿ 10ರಂದು ಬಾರ್ಟ್‌ಲಿ ಗಣಿಯ ಸ್ಫೋಟದಲ್ಲಿ 91 ಕಾರ್ಮಿಕರು ಸತ್ತರು. ಸಂಘ ಕಟ್ಟುವುದೂ ಅಪಾಯದ್ದಾಗಿತ್ತು. ನೆರೆಯ ಮೇಟ್‌ವಾನ್ ಪಟ್ಟಣದ ಪೊಲೀಸ್ ಮುಖ್ಯಸ್ಥನಾಗಿ ಗಣಿಕಾರ್ಮಿಕರ ಪರ ನಿಂತಿದ್ದ ಸಿಡ್ ಹ್ಯಾಟ್‌ಫೀಲ್ಡನನ್ನು 1921ರ ಆಗಸ್ಟ್ 1ರಂದು ವೆಲ್ಚ್ ನ್ಯಾಯಾಲಯದ ಮೆಟ್ಟಿಲ ಮೇಲೆಯೇ ಕಂಪನಿಗಳ ಬಾಡಿಗೆ ಬಂಟರು ಗುಂಡಿಕ್ಕಿ ಕೊಂದರು. ಆ ಸಿಟ್ಟು ಅದೇ ತಿಂಗಳ ಕೊನೆಗೆ ಬ್ಲೇರ್ ಬೆಟ್ಟದಲ್ಲಿ ಸಾವಿರಾರು ಕಾರ್ಮಿಕರ ಸಶಸ್ತ್ರ ಬಂಡಾಯವಾಗಿ ಸ್ಫೋಟಿಸಿತು.

ಇಳಿಜಾರು

1950ರ ಸುಮಾರಿಗೆ ಕೌಂಟಿ ತುಂಬಿ ತುಳುಕುತ್ತಿತ್ತು. ಕುಸಿತ ಆರಂಭವಾದದ್ದೂ ಅಲ್ಲಿಂದಲೇ. ಕಲ್ಲಿದ್ದಲನ್ನು ಒಮ್ಮೆಗೇ ಕೊರೆದು ತುಂಬುವ ಯಂತ್ರ 1940ರ ದಶಕದ ಕೊನೆಗೆ ಬಂದಿತ್ತು. 1950ರಲ್ಲಿ ಗಣಿಕಾರ್ಮಿಕರ ಸಂಘದ ನಾಯಕ ಜಾನ್ ಎಲ್. ಲೂಯಿಸ್ ಮತ್ತು ಗಣಿ ಮಾಲೀಕರ ನಡುವೆ ಒಪ್ಪಂದವಾಯಿತು. ಕಾರ್ಮಿಕರಿಗೆ ಹೆಚ್ಚಿನ ಕೂಲಿ, ಪಿಂಚಣಿ, ಆಸ್ಪತ್ರೆ ದೊರೆತವು, ಯಂತ್ರಗಳಿಗೆ ಅಡ್ಡಿಯಿಲ್ಲದಾಯಿತು. ಉಳಿದವರ ಕೂಲಿ ಏರಿತು, ಉಳಿಯುವವರ ಸಂಖ್ಯೆ ಇಳಿಯಿತು. ರೈಲುಗಳು ಡೀಸೆಲ್ಲಿಗೆ, ಮನೆಯ ಒಲೆಗಳು ಅನಿಲಕ್ಕೆ ಹೊರಳಿದವು. ಹತ್ತೇ ವರ್ಷಗಳಲ್ಲಿ ಜನಸಂಖ್ಯೆ 71,359ಕ್ಕೆ, 1970ಕ್ಕೆ 50,666ಕ್ಕೆ ಬಂದಿತು. ಸಾವಿರಾರು ಕುಟುಂಬಗಳು ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್‌ಗಳಂಥ ಕಾರ್ಖಾನೆ ನಗರಗಳಿಗೆ ಹೊರಟವು. ಅಮೆರಿಕದ ಉಕ್ಕಿನ ಉದ್ಯಮ ಕುಗ್ಗಿದಾಗ ಯು.ಎಸ್. ಸ್ಟೀಲ್ 1986ರಲ್ಲಿ ಇಲ್ಲಿನ ಗಣಿಗಳನ್ನು ಮುಚ್ಚಿತು. 1980ರಲ್ಲಿ 49,899 ಇದ್ದ ಸಂಖ್ಯೆ 1990ರಲ್ಲಿ 35,233 ಆಯಿತು.

ಈ ಇಳಿಜಾರಿನ ನಡುವೆ ಒಂದು ಘಟನೆ ಕೃಷಿಯ ದೃಷ್ಟಿಯಿಂದ ಗಮನಾರ್ಹ. 1960ರ ಚುನಾವಣಾ ಪ್ರಚಾರದಲ್ಲಿ ಪಶ್ಚಿಮ ವರ್ಜೀನಿಯಾದ ಬಡತನವನ್ನು ಕಂಡಿದ್ದ ಕೆನೆಡಿ ಅಧ್ಯಕ್ಷರಾದೊಡನೆ ಬಡವರಿಗೆ ಆಹಾರ ಚೀಟಿ ನೀಡುವ ಪ್ರಾಯೋಗಿಕ ಯೋಜನೆ ಆರಂಭಿಸಿದರು. ಅದರ ಮೊದಲ ಚೀಟಿಗಳು 1961ರ ಮೇ 29ರಂದು ವೆಲ್ಚ್‌ನಲ್ಲಿ ಮ್ಯಾಕ್‌ಡೊವೆಲ್‌ನ ಒಂದು ಕುಟುಂಬಕ್ಕೆ ಸಂದವು. ಎರಡು ಮೂರು ತಲೆಮಾರುಗಳ ಹಿಂದೆ ತನ್ನ ಜೋಳ, ಹಂದಿ, ಚೆಸ್ಟ್‌ನಟ್‌ಗಳಿಂದ ಹೊಟ್ಟೆ ಹೊರೆದಿದ್ದ ನಾಡು, ದೇಶದ ಕುಲುಮೆಗಳನ್ನೆಲ್ಲ ಉರಿಸಿದ ಮೇಲೆ, ಅನ್ನಕ್ಕಾಗಿ ಸರ್ಕಾರದ ಚೀಟಿಗೆ ಕೈಯೊಡ್ಡಬೇಕಾಯಿತು.

ಉಳಿದದ್ದೇನು?

ಕೋಟ್ಯಂತರ ಡಾಲರಿನ ಕಲ್ಲಿದ್ದಲು ಹೋದ ಮೇಲೆ ಉಳಿದವರ ಸ್ಥಿತಿ ವಿಚಾರಾರ್ಹ. ಕಂಪನಿಗಳು ಹಾಕಿದ್ದ ನೀರಿನ ಕೊಳವೆಗಳು ಅವು ಹೋದ ಮೇಲೆ ದಿಕ್ಕಿಲ್ಲದೆ ತುಕ್ಕುಹಿಡಿದವು. ಅನೇಕರು ಇಂದಿಗೂ ರಸ್ತೆಬದಿಯ ಒರತೆಗಳಿಂದ ನೀರು ಒಯ್ಯುತ್ತಾರೆ. ನೋವುನಿವಾರಕ ಮಾದಕಗಳ ಪಿಡುಗು ಮನೆಮನೆಗಳನ್ನು ಹೊಕ್ಕಿತು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಇಲ್ಲಿನ ಗಂಡಸರ ಸರಾಸರಿ ಆಯಸ್ಸು ಸುಮಾರು 64 ವರ್ಷ. ಇದು ದೇಶದಲ್ಲೇ ತೀರಾ ಕೆಳಮಟ್ಟದ ಪ್ರಮಾಣಗಳಲ್ಲೊಂದು. 2016ರಲ್ಲಿ ಕಿಂಬಲ್‌ನ ವಾಲ್‌ಮಾರ್ಟ್ ಮುಚ್ಚಿದಾಗ ಕೆಲಸದ ಜೊತೆಗೆ ತಾಜಾ ತರಕಾರಿಯೂ ದೂರವಾಯಿತು.

ಕಣಿವೆಯ ತಳದಲ್ಲೇ ಮನೆ, ರೈಲು, ರಸ್ತೆಗಳೆಲ್ಲ ಒತ್ತೊತ್ತಾಗಿರುವುದರಿಂದ ನೆರೆ ಬಂದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ. 2001ರ ಜುಲೈ 8ರಂದು ಒಮ್ಮೆ, 2002ರ ಮೇ 2ರಂದು ಇನ್ನೊಮ್ಮೆ ಮಹಾಪೂರ ಬಂದಿತು. 2025ರ ಫೆಬ್ರವರಿ 15ರಂದು ಮತ್ತೆ ಬಂದು ಜೀವಗಳನ್ನು ಒಯ್ದಿತು. 2001ರ ನೆರೆಯ ನಂತರ ಪಶ್ಚಿಮ ವರ್ಜೀನಿಯಾ ಸರ್ಕಾರವೇ ನೇಮಿಸಿದ ತಂಡ ಆ ರಾಜ್ಯದ ಕೆಲವು ಕಣಿವೆಗಳನ್ನು ಪರಿಶೀಲಿಸಿ, ಗಣಿಗಾರಿಕೆಯಿಂದಲೂ ಮರಕಡಿತದಿಂದಲೂ ಮಳೆನೀರಿನ ಹರಿವು ಹೆಚ್ಚುತ್ತದೆಂದು ವರದಿ ಮಾಡಿತು. ಕಾಡಿನ ಮಣ್ಣು ಮಳೆಯನ್ನು ಹೀರಿ ನಿಧಾನವಾಗಿ ಬಿಡುತ್ತದೆ. ಗಟ್ಟಿಯಾಗಿ ತುಳಿದ ನೆಲ ಅದನ್ನು ಒಮ್ಮೆಗೇ ಹೊಳೆಗೆ ಸುರಿಯುತ್ತದೆ.

ಮೂಲ ಪ್ರಶ್ನೆ ಒಡೆತನದ್ದು. 1980ರ ಸುಮಾರಿನಲ್ಲಿ ಅಪಲಾಚಿಯದ ಆರು ರಾಜ್ಯಗಳ 80 ಕೌಂಟಿಗಳಲ್ಲಿ ಸ್ಥಳೀಯ ನಾಗರಿಕರೂ ವಿದ್ಯಾರ್ಥಿಗಳೂ ವಿದ್ವಾಂಸರೂ ಕೂಡಿ ಒಂದು ಅಧ್ಯಯನ ನಡೆಸಿದರು. ಅವರು ಕಚೇರಿಗಳಿಗೆ ಹೋಗಿ ತೆರಿಗೆಯ ಕಡತಗಳನ್ನು ಒಂದೊಂದಾಗಿ ಓದಿ, ಯಾವ ನೆಲ ಯಾರದೆಂದು ಬರೆದುಕೊಂಡರು. ನೆಲದ ಮತ್ತು ಖನಿಜದ ಬಹುದೊಡ್ಡ ಪಾಲು ಅಲ್ಲಿ ವಾಸಿಸದ ಒಡೆಯರ, ಮುಖ್ಯವಾಗಿ ಕಂಪನಿಗಳ ಕೈಯಲ್ಲಿದೆ. ಅವರು ತೆರುವ ತೆರಿಗೆ ಅತ್ಯಲ್ಪ. ಆದ್ದರಿಂದಲೇ ಶಾಲೆಗೂ ರಸ್ತೆಗೂ ಹಣವಿಲ್ಲ ಎಂಬುದು ಆ ಕಡತಗಳಿಂದ ಹೊರಬಿದ್ದ ಸತ್ಯ. ಬೆಟ್ಟ ಬಡವಾಗಿರಲಿಲ್ಲ. ಬೆಟ್ಟದ ಸಂಪತ್ತಿನ ಮೇಲೆ ಬೆಟ್ಟದವರಿಗೆ ಹಕ್ಕಿರಲಿಲ್ಲ.

ಈ ದೂರದ ಕಥೆಗೂ ಕರ್ನಾಟಕಕ್ಕೂ ಒಂದು ತೆಳುವಾದ ಎಳೆಯ ಸಂಬಂಧವಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕು ತಯಾರಿಸುವ ಜೆ.ಎಸ್.ಡಬ್ಲ್ಯೂ. ಕಂಪನಿ 2010ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ಕಲ್ಲಿದ್ದಲ ಗಣಿಗಳನ್ನು ಕೊಂಡಿತು. ಉಕ್ಕಿನ ಕುಲುಮೆ ಎಲ್ಲಿ ಉರಿದರೂ ಅದರ ಬೆಲೆಯನ್ನು ಯಾವುದೋ ಒಂದು ಬೆಟ್ಟ ತೆರುತ್ತಿರುತ್ತದೆ.

ಉಳಿದ ಜನ ಕೈಕಟ್ಟಿ ಕುಳಿತಿಲ್ಲ. 2001ರಲ್ಲಿ ರಾಜ್ಯ ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿದ್ದ ಶಾಲೆಗಳ ಆಡಳಿತ 2013ರಲ್ಲಿ ಸ್ಥಳೀಯರಿಗೆ ಮರಳಿತು. ಶಿಕ್ಷಕರ ಸಂಘಟನೆಯೊಂದು 2011ರಲ್ಲಿ ಆರಂಭಿಸಿದ ಕಾರ್ಯಕ್ರಮದಿಂದ, ಹೊರಗಿನಿಂದ ಬರುವ ಉಪಾಧ್ಯಾಯರಿಗಾಗಿ ವೆಲ್ಚ್‌ನಲ್ಲಿ ವಸತಿ ಕಟ್ಟಡ ಎದ್ದಿತು. ಬೆಟ್ಟದ ದಾರಿಗಳಲ್ಲಿ ಮೋಟಾರು ವಾಹನಗಳ ವಿಹಾರಕ್ಕೆ ಬರುವ ಪ್ರವಾಸಿಗರಿಂದ ಕೆಲವರಿಗೆ ಸಂಪಾದನೆಯಾಗುತ್ತಿದೆ. ಆದರೆ ಇವೆಲ್ಲ ನೂರು ವರ್ಷಗಳ ನಷ್ಟದೆದುರು ಚಿಕ್ಕ ಪ್ರಯತ್ನಗಳು.

ವಿದ್ಯಾರ್ಥಿ ಮಿತ್ರರು ಮುಂದೆ ಯಾವುದೇ ಊರಿನ ಜನಗಣತಿಯ ಅಂಕಿಗಳನ್ನು ಓದುವಾಗ ಅವುಗಳ ಪಕ್ಕದಲ್ಲಿ ಇನ್ನೆರಡು ಕಡತಗಳನ್ನು ಇಟ್ಟುಕೊಳ್ಳಬೇಕು: ನೆಲ ಯಾರ ಹೆಸರಿನಲ್ಲಿದೆ ಎಂಬ ಕಡತ, ಊರಿನಿಂದ ಹೊರಹೋದ ಸರಕಿನ ಕಡತ. ಈ ಮೂರನ್ನೂ ಒಟ್ಟಿಗೆ ಓದದೆ ಜನ ಏಕೆ ಊರು ಬಿಡುತ್ತಾರೆಂಬುದು ತಿಳಿಯುವುದಿಲ್ಲ. ಎರಡನೆಯ ಕಡತ ಯಾವ ಊರಿನಲ್ಲೂ ಇರುತ್ತದೆ. ಅದನ್ನು ಕೇಳಿ ಓದುವವರು ಬೇಕು.