ಸಸ್ಪೆನ್ಸ್ ಖಾತೆಯ ಜೀವಿಗಳು

ಯಾವ ಖಾತೆಗೆ ಜಮಾ ಮಾಡಬೇಕೆಂದು ತಿಳಿಯದ ಹಣ ಬಂದರೆ ಬ್ಯಾಂಕಿನಲ್ಲಿ ಅದನ್ನು ಸಸ್ಪೆನ್ಸ್ ಖಾತೆಗೆ ಹಾಕಿಡುತ್ತಾರೆ. ಗುರುತು ಹತ್ತಿದ ಮೇಲೆ ಸರಿಯಾದ ಖಾತೆಗೆ ವರ್ಗಾಯಿಸುತ್ತಾರೆ. ಗುಮಾಸ್ತನಾಗಿ ಆಯುಷ್ಯ ಕಳೆದ ನನಗೆ ಬ್ಯಾಕ್ಟೀರಿಯಾಗಳ ವರ್ಗೀಕರಣದ ಕಥೆ ಓದಿದಾಗ ನೆನಪಾದದ್ದು ಈ ಖಾತೆಯೇ. ನನ್ನ ಓದು ಮ್ಯಾಟ್ರಿಕ್‌ವರೆಗಿನದು. ಆದ್ದರಿಂದ ನನಗೆ ತಿಳಿಯುವ ಮಾತಿನಲ್ಲಿಯೇ ಹೇಳುತ್ತೇನೆ.

ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಈ ಜೀವಿಗಳನ್ನು ಕಂಡು 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಮುಂದೆ 1735ರಲ್ಲಿ ಸ್ವೀಡನ್ನಿನ ಲಿನೇಯಸ್ ಸಸ್ಯಗಳಿಗೊಂದು, ಪ್ರಾಣಿಗಳಿಗೊಂದು ಲೆಡ್ಜರ್ ತೆರೆದ. ಕಣ್ಣಿಗೆ ಕಾಣದ ಜೀವಿಗಳು ಯಾವ ಲೆಕ್ಕಕ್ಕೂ ಹೊಂದಲಿಲ್ಲ. ಅವುಗಳನ್ನು ಅವನು ಹುಳುಗಳ ಗುಂಪಿಗೆ ಸೇರಿಸಿ, ಗೊಂದಲ ಎಂಬ ಅರ್ಥದ ‘ಕೇಯಾಸ್’ ಎಂಬ ಹೆಸರಿನಡಿ ತುರುಕಿದ. ಸಸ್ಪೆನ್ಸ್ ಖಾತೆ ಎಂದರೆ ಇದೇ ಅಲ್ಲವೇ? ಆ ಬಾಕಿ ಬಹಳ ಕಾಲ ಉಳಿಯಿತು. 1969ರಲ್ಲಿ ಅಮೆರಿಕದ ವಿಟೇಕರ್ ಜೀವಲೋಕವನ್ನು ಐದು ಸಾಮ್ರಾಜ್ಯಗಳಾಗಿ ಹಂಚಿದಾಗ, ಮೊನೆರಾ ಎಂಬ ಒಂದು ಸಾಮ್ರಾಜ್ಯ ಪೂರ್ತಿ ಇವುಗಳ ಪಾಲಿಗೆ ಬಂತು.

ಇವುಗಳ ಗುರುತು ಏನು? ನಮ್ಮ ಜೀವಕೋಶದಲ್ಲಿ ವಂಶದ ದಾಖಲೆಗಳನ್ನು ಇಡಲು ಕೋಶಕೇಂದ್ರವೆಂಬ ಸ್ಟ್ರಾಂಗ್ ರೂಮ್ ಇದೆ. ಬ್ಯಾಕ್ಟೀರಿಯಾದಲ್ಲಿ ಅದಿಲ್ಲ. ದಾಖಲೆಯೆಲ್ಲ ಸಾಮಾನ್ಯವಾಗಿ ಒಂದು ಉಂಗುರವಾಗಿ ಒಳಗೆ ಬಯಲಲ್ಲೇ ಬಿದ್ದಿರುತ್ತದೆ. ಇಂಥ ಜೀವಿಗಳಿಗೆ ಪ್ರೊಕ್ಯಾರಿಯೋಟ್ ಎಂದು ಹೆಸರು. ನಮ್ಮ ಕರುಳಿನಲ್ಲಿರುವ ಈ. ಕೋಲೈ ಎಂಬ ಬ್ಯಾಕ್ಟೀರಿಯಾವನ್ನು ಉದ್ದಕ್ಕೆ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿಗೆ ಸುಮಾರು ಐನೂರು ಬೇಕು. ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. ಚಕ್ರಬಡ್ಡಿ ಲೆಕ್ಕ ಹಾಕಿ ನೋಡಿ: ಹತ್ತು ತಾಸಿಗೆ ಒಂದರಿಂದ ನೂರೇಳು ಕೋಟಿ! ಯಾವ ಸಾಹುಕಾರನೂ ಇಂಥ ಬಡ್ಡಿ ಕಂಡಿಲ್ಲ. ಆಹಾರ ತೀರಿದಾಗ, ತಮ್ಮದೇ ಹೊಲಸು ಹೆಚ್ಚಿದಾಗ ಬೆಳವಣಿಗೆ ನಿಲ್ಲುತ್ತದೆ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಿಗೆ ಮೊಸರಾಗುವುದು ಇಂಥ ಬೆಳವಣಿಗೆಯಿಂದಲೇ. ಶೇಂಗಾ ಬಳ್ಳಿ ಕಿತ್ತಾಗ ಬೇರಿನ ಗಂಟೊಂದನ್ನು ಸೀಳಿ ನೋಡಿ. ಒಳಗೆ ಕೆಂಪಾಗಿದ್ದರೆ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳು ಅಲ್ಲಿ ಕೆಲಸದಲ್ಲಿವೆ.

1884ರಲ್ಲಿ ಡೆನ್ಮಾರ್ಕಿನ ಗ್ರಾಂ ಎಂಬ ವೈದ್ಯ ಇವುಗಳಿಗೆ ನೇರಳೆ ಬಣ್ಣ ಹಾಕಿ ಆಲ್ಕೋಹಾಲಿನಲ್ಲಿ ತೊಳೆದ. ದಪ್ಪ ಗೋಡೆಯವು ಬಣ್ಣ ಹಿಡಿದುಕೊಂಡವು, ತೆಳು ಗೋಡೆಯವು ಬಿಟ್ಟುಕೊಟ್ಟವು. ಎಲ್ಲ ಆಸ್ಪತ್ರೆಗಳ ಪ್ರಯೋಗಶಾಲೆಗಳಿಗೂ ಈ ಪರೀಕ್ಷೆ ಪರಿಚಿತ. ಆ ಗೋಡೆ ಕಟ್ಟುವ ಕೆಲಸವನ್ನೇ ಪೆನಿಸಿಲಿನ್ ಕೆಡಿಸುತ್ತದೆ. ನಮ್ಮ ಜೀವಕೋಶಕ್ಕೆ ಅಂಥ ಗೋಡೆಯಿಲ್ಲ, ಆದ್ದರಿಂದ ನಾವು ಉಳಿಯುತ್ತೇವೆ.

ನಮ್ಮ ಕಡೆಯ ಮಕ್ಕಳು ಮರಾಠಿ ಪುಸ್ತಕದಲ್ಲಿ ಬ್ಯಾಕ್ಟೀರಿಯಾಕ್ಕೆ ಜೀವಾಣು ಎಂದೂ ವೈರಸ್ಸಿಗೆ ವಿಷಾಣು ಎಂದೂ ಓದುತ್ತಾರೆ. ಹೆಸರು ಒಂದೇ ತಾಳದಲ್ಲಿದ್ದರೂ ಖಾತೆ ಬೇರೆ. ವೈರಸ್ಸಿಗೆ ಗೋಡೆಯಿರಲಿ, ಜೀವಕೋಶವೇ ಇಲ್ಲ. ನೆಗಡಿ ವೈರಸ್ಸಿನಿಂದ ಬರುತ್ತದೆ. ಆದರೂ ಕಳೆದ ಸಲ ಉಳಿದ ಎರಡು ಕ್ಯಾಪ್ಸೂಲುಗಳನ್ನು ನೆಗಡಿಗೆ ನುಂಗುವವರು ನಮ್ಮ ಓಣಿಯಲ್ಲಿಯೂ ಇದ್ದಾರೆ. ವೈರಸ್ಸಿಗೆ ಏನೂ ಆಗುವುದಿಲ್ಲ. ಹೊಟ್ಟೆಯಲ್ಲಿನ ಬಡಪಾಯಿ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಔಷಧಿಗೆ ಜಗ್ಗದ ಕೆಲವು ಉಳಿದು, ಮೇಲೆ ಹೇಳಿದ ಚಕ್ರಬಡ್ಡಿಯಲ್ಲಿ ಬೆಳೆಯುತ್ತವೆ. ಸಾಲದೆಂಬಂತೆ ಆ ಗುಣವನ್ನು ಪ್ಲಾಸ್ಮಿಡ್ ಎಂಬ ಚಿಕ್ಕ ಉಂಗುರದಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಮೊನೆರಾ ಲೆಡ್ಜರೂ ಹೆಚ್ಚು ದಿನ ಬಾಳಲಿಲ್ಲ. 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೂಪವನ್ನು ಬಿಟ್ಟು ಕೋಶದೊಳಗಿನ ಆರ್‌ಎನ್‌ಎ ಹೋಲಿಸಿದರು. ಮಿಥೇನ್ ಅನಿಲ ತಯಾರಿಸುವ ಜೀವಿಗಳು ಬ್ಯಾಕ್ಟೀರಿಯಾಗಳೇ ಅಲ್ಲ ಎಂದು ತಿಳಿಯಿತು. ನಿಮ್ಮ ಗೋಬರ್ ಗ್ಯಾಸ್ ಗುಂಡಿಯಲ್ಲಿ, ಎಮ್ಮೆಯ ಹೊಟ್ಟೆಯಲ್ಲಿ ಇರುವವು ಇವೇ. ಈಗ ಇವುಗಳ ಹೆಸರು ಆರ್ಕಿಯಾ. ಕೋಶಕೇಂದ್ರವಿಲ್ಲದಿದ್ದರೂ ವಂಶದ ಲೆಕ್ಕದಲ್ಲಿ ಇವು ಬ್ಯಾಕ್ಟೀರಿಯಾಗಳಿಗಿಂತ ನಮಗೇ ಹತ್ತಿರದ ನೆಂಟರು.

ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದ ಜೌಗಿನಲ್ಲಿ, ಕೊಳೆತ ಎಲೆಗಳ ಮೇಲೆ ಒಂದು ಬ್ಯಾಕ್ಟೀರಿಯಾ ಸಿಕ್ಕಿದೆ. 2022ರಲ್ಲಿ ಅದರ ವಿವರ ಪ್ರಕಟವಾಯಿತು. ಬಿಳಿ ಎಳೆಯಂತಿರುವ ಒಂದೇ ಜೀವಕೋಶ, ಉದ್ದ ಸುಮಾರು ಒಂದು ಸೆಂಟಿಮೀಟರ್, ಬರಿಗಣ್ಣಿಗೇ ಕಾಣುತ್ತದೆ. ಅದರ ದಾಖಲೆಗಳು ಬಯಲಲ್ಲಿಲ್ಲ, ಪೊರೆಯ ಪುಟ್ಟ ಪುಟ್ಟ ಚೀಲಗಳಲ್ಲಿವೆ.