ಗಾಜಿನ ಪೆಟ್ಟಿಗೆಯ ಹೊರಗಿನ ಕೋಟೆ

(ಉಪನ್ಯಾಸದ ಬರಹ ರೂಪ)



ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಶಾಲಾ ಮಕ್ಕಳು ಕೋಟೆ ನೋಡಲು ಹೊರಟರೆ ಮೊದಲು ನೆನಪಾಗುವುದು ಕಿತ್ತೂರು. ಮಕ್ಕಳು ಸಾಲಾಗಿ ವಸ್ತುಸಂಗ್ರಹಾಲಯ ಹೊಕ್ಕು ಕತ್ತಿ, ಗುರಾಣಿ, ಕೆತ್ತನೆಯ ಬಾಗಿಲು, ಹಳೆಯ ಶಿಲ್ಪಗಳನ್ನು ನೋಡುತ್ತಾರೆ. ಆಮೇಲೆ ಹೊರಗೆ ಅರಮನೆಯ ಬಿದ್ದ ಗೋಡೆಗಳ ನಡುವೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಇತಿಹಾಸ ಒಳಗೆ, ಊಟ ಹೊರಗೆ! ಆದರೆ ಆ ಕೋಟೆಯಲ್ಲಿ ನೋಡಬೇಕಾದ ಮೊದಲ ವಸ್ತು ಬುತ್ತಿ ಬಿಚ್ಚಿದ ಆ ನೆಲವೇ.

1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಮೊಹರು ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯಿಂದ ನುಗ್ಗಿ ಬಂದ ಕಿತ್ತೂರಿನ ಸೈನ್ಯದ ಎದುರು ಅವನು ಸತ್ತ. ಡಿಸೆಂಬರಿನಲ್ಲಿ ಕೋಟೆ ಕಂಪನಿಯ ಕೈಸೇರಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ಕೊನೆಯುಸಿರೆಳೆದರು. ಇದಿಷ್ಟನ್ನು ಖಡ್ಗದ ಕೆಳಗಿನ ಚೀಟಿ ಹೇಳಲಾರದು. ಹೆಬ್ಬಾಗಿಲಿನ ಜಾಗದಲ್ಲಿ ನಿಂತು, ಹೊರಗಿನ ಬಯಲನ್ನೂ ಒಳಗಿನ ಅರಮನೆಯನ್ನೂ ಕಣ್ಣಳತೆಯಲ್ಲಿ ಅಳೆದಾಗ ಅದು ಅರ್ಥವಾಗುತ್ತದೆ. ಬಾಗಿಲನ್ನು ಕಿತ್ತು ಗೋಡೆಗೆ ಒರಗಿಸಿದರೆ ಬಡಗಿಯ ಕೈಚಳಕ ಕಾಣುತ್ತದೆ, ಮನೆ ಕಾಣುವುದಿಲ್ಲ.

ಕಿತ್ತೂರಿನದು ಬಯಲ ಕೋಟೆ. ಅದೇ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿ ದಾಟಿ ಬಡಗಣಕ್ಕೆ ಬಂದರೆ, ಸಂಕೇಶ್ವರದ ಹತ್ತಿರ ಹುಕ್ಕೇರಿ ತಾಲ್ಲೂಕಿನದೇ ವಲ್ಲಭಗಡವಿದೆ. ಹರಗಾಪುರ ಗಡವೆಂದೂ ಹೆಸರು. ಅಲ್ಲಿ ಗಾಜಿನ ಪೆಟ್ಟಿಗೆಯಿಲ್ಲ. ಗುಡ್ಡವೇ ಪ್ರದರ್ಶನ. ಏದುಸಿರು ಬಿಡುತ್ತ ಹತ್ತಿದವನಿಗೆ ಮುತ್ತಿಗೆ ಹಾಕುವವನ ಕಷ್ಟ ಕಾಲಿಗೇ ತಿಳಿಯುತ್ತದೆ. ಮೇಲೆ ನಿಂತು ಕೆಳಗಿನ ದಾರಿ ನೋಡಿದಾಗ, ಕಟ್ಟಿದವರು ಈ ಗುಡ್ಡವನ್ನೇ ಏಕೆ ಆರಿಸಿದರೆಂದು ಯಾರೂ ಹೇಳಿಕೊಡಬೇಕಿಲ್ಲ.

ಹಾಗೆಂದು ವಸ್ತುಸಂಗ್ರಹಾಲಯ ಬೇಡವೆಂದಲ್ಲ. ದೆಜ್ಜ ಮಹಾರಾಜನ ಕಾಲದ ತಾಮ್ರಪಟ ವಿದ್ವಾಂಸರ ನಡುವೆ 'ಗೋಕಾಕ ತಾಮ್ರಪಟ' ಎಂದೇ ಹೆಸರಾಗಿದೆ. ರಾಷ್ಟ್ರಕೂಟರ ಆರಂಭದ ಚರಿತ್ರೆ ಹುಡುಕುವವರು ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಂಥದ್ದು ಕಪಾಟಿನಲ್ಲಿ ಭದ್ರವಾಗಿರಬೇಕು. ಇಲ್ಲವಾದರೆ ಗುಜರಿ ಅಂಗಡಿಯ ತಕ್ಕಡಿ ಏರುತ್ತದೆ. ಆದರೆ ಗೋಕಾಕದ ಬಳಿಯ ಕೊಣ್ಣೂರಿನ ಬೃಹತ್ ಶಿಲಾಯುಗದ ಕಲ್ಗೋರಿಗಳನ್ನು ಯಾವ ಕಪಾಟಿನಲ್ಲಿಡುವುದು? ಅವುಗಳ ಅರ್ಥವೇ ಆ ನೆಲಕ್ಕೆ ಅಂಟಿಕೊಂಡಿದೆ.

ವೀರಗಲ್ಲುಗಳ ಮಾತು ಇವೆರಡರ ನಡುವಿನದು. ಬದುವಿನಲ್ಲಿ ಬಿದ್ದದ್ದು ಒಡೆದು ಅಡಿಪಾಯ ಸೇರುವ ಬದಲು ಸಂಗ್ರಹಾಲಯಕ್ಕೆ ಬಂದರೆ ಒಳ್ಳೆಯದೇ. ಬರುವಾಗ ಊರಿನ ಹೆಸರು, ಹೊಲದ ಸರ್ವೆ ನಂಬರು, ಯಾವ ದಿಕ್ಕಿಗೆ ಮುಖಮಾಡಿ ನಿಂತಿತ್ತು ಎಂಬುದೂ ಜೊತೆಗೆ ಬರಬೇಕು. 'ವೀರಗಲ್ಲು, 12ನೆಯ ಶತಮಾನ' ಎಂಬ ಚೀಟಿ ಅನಾಥ ಮಗುವಿನ ಕೊರಳಿಗೆ ಕಟ್ಟಿದ ನಂಬರಿನಂತೆ. ಆ ವೀರ ತುರು ಕಾಯಲು ಸತ್ತನೋ, ಊರು ಕಾಯಲು ಸತ್ತನೋ ಕಲ್ಲು ಹೇಳೀತು. ಯಾವ ಊರಿಗಾಗಿ ಎಂಬುದನ್ನು ಬಹಳ ಸಲ ಅದು ನಿಂತ ಜಾಗ ಮಾತ್ರ ಹೇಳುತ್ತದೆ.

ಈ ವಿವರ ಬರೆದಿಡಲು ದೊಡ್ಡ ಕಟ್ಟಡ ಬೇಡ, ಶಾಲೆಯ ಒಂದು ನೋಟುಬುಕ್ಕು ಸಾಕು. ಹಳ್ಳದ ದಂಡೆಯಲ್ಲಿ ಅರಿವೆ ಒಗೆಯುವ ಹಾಸುಗಲ್ಲಾಗಿರುವ ವೀರಗಲ್ಲು ಮೊದಲು ಎಲ್ಲಿತ್ತೆಂದು ಬಲ್ಲ ಅಜ್ಜಂದಿರು ಈ ಸೀಮೆಯ ಊರುಗಳಲ್ಲಿ ಇನ್ನೂ ಇದ್ದಾರೆ. ಮುಂದಿನ ಪ್ರವಾಸಕ್ಕೆ ಬಸ್ಸು ಗೊತ್ತುಮಾಡುವ ಮುನ್ನ ಮಕ್ಕಳನ್ನು ಒಂದು ಸಂಜೆ ಅವರ ಕಟ್ಟೆಗೆ ಕಳಿಸಿ.